ಮತ್ತೊಮ್ಮೆ ನೋಡುವ ಹಕ್ಕು

ಫೆಬ್ರುವರಿಯ ಮೊದಲ ವಾರ ಬಂತೆಂದರೆ ದೆಹಲಿಯ ಪತ್ರಿಕೆಗಳಲ್ಲಿ ಚಿತ್ರಕಲೆಗೆ ಇದ್ದಕ್ಕಿದ್ದಂತೆ ಜಾಗ ಸಿಗುತ್ತದೆ. ಓಖ್ಲಾದ ಎನ್‌ಎಸ್‌ಐಸಿ ಮೈದಾನದಲ್ಲಿ ಇಂಡಿಯಾ ಆರ್ಟ್ ಫೇರ್‌ನ ದೊಡ್ಡ ಡೇರೆಗಳು ಏಳುತ್ತವೆ. ಫರೀದಾಬಾದಿನ ಅಂಚಿನಲ್ಲಿರುವ ಸೂರಜ್‌ಕುಂಡದಲ್ಲಿ ಕರಕುಶಲ ಮೇಳ ನಡೆದಿರುತ್ತದೆ. ಡಿಫೆನ್ಸ್ ಕಾಲೊನಿಯ ಗ್ಯಾಲರಿಗಳು ತಮ್ಮ ಒಳ್ಳೆಯ ಪ್ರದರ್ಶನಗಳನ್ನು ಈ ದಿನಗಳಿಗೇ ಹೊಂದಿಸಿಕೊಳ್ಳುತ್ತವೆ. ನಾಲ್ಕು ದಿನ ಕಳೆದ ಮೇಲೆ ಎಷ್ಟು ಗ್ಯಾಲರಿಗಳು ಬಂದವು, ಎಷ್ಟು ಜನ ಸೇರಿದರು, ಯಾವ ಚಿತ್ರ ಎಷ್ಟಕ್ಕೆ ಹೋಯಿತು ಎಂಬ ಲೆಕ್ಕ ಹೊರಬೀಳುತ್ತದೆ. ನಗರದ ಕಲಾಜೀವನ ಆರೋಗ್ಯವಾಗಿದೆ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಲೆಕ್ಕದ ಬಗೆಗೇ ನನ್ನ ತಕರಾರು. ಒಂದು ಊರಿನಲ್ಲಿ ಕಲೆ ಬದುಕಿದೆಯೇ ಎಂದು ತಿಳಿಯಬೇಕಾದರೆ ಮೇಳಕ್ಕೆ ಬಂದವರ ತಲೆ ಎಣಿಸಿ ಪ್ರಯೋಜನವಿಲ್ಲ. ಹೋದ ತಿಂಗಳು ನೋಡಿದ ಚಿತ್ರವನ್ನೇ ಈ ತಿಂಗಳು ಮತ್ತೊಮ್ಮೆ ಹೋಗಿ ನೋಡಲು ಅಲ್ಲಿನ ಎಷ್ಟು ಜನರಿಗೆ ಸಾಧ್ಯ, ಎಷ್ಟು ಜನರಿಗೆ ಮನಸ್ಸಿದೆ ಎಂದು ಕೇಳಬೇಕು.

ಮೇಳ ಬೆಳೆದ ಪರಿ ಸಣ್ಣದಲ್ಲ. 2008ರಲ್ಲಿ ಪ್ರಗತಿ ಮೈದಾನದಲ್ಲಿ ಇಂಡಿಯಾ ಆರ್ಟ್ ಸಮಿಟ್ ಎಂಬ ಹೆಸರಿನಲ್ಲಿ ಶುರುವಾದಾಗ ಇದ್ದ ಗ್ಯಾಲರಿಗಳು 34. 2012ರಲ್ಲಿ ಹೆಸರೂ ಜಾಗವೂ ಬದಲಾದವು. 2025ರ ಮೇಳದಲ್ಲಿ ಪಾಲ್ಗೊಂಡ ಗ್ಯಾಲರಿ, ಸಂಸ್ಥೆಗಳು 120. ಒಂದೊಂದು ಮಳಿಗೆಯಲ್ಲಿ ಕಡಿಮೆಯೆಂದರೂ ಹತ್ತು ಕೃತಿ ಎಂದಿಟ್ಟುಕೊಂಡರೆ ಸಾವಿರದ ಇನ್ನೂರು ಆಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಇಬ್ಬರು ಸಂಶೋಧಕರು ಗಡಿಯಾರ ಹಿಡಿದು ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: ಸರಾಸರಿ 27 ಸೆಕೆಂಡು, ಅರ್ಧಕ್ಕರ್ಧ ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಆ 17 ಸೆಕೆಂಡಿನ ದರದಲ್ಲೇ ಓಖ್ಲಾದ ಎಲ್ಲ ಕೃತಿಗಳನ್ನು ನೋಡಿ ಮುಗಿಸಲು ನಡಿಗೆಯ ಹೊತ್ತು ಬಿಟ್ಟು ಐದೂವರೆ ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಯಾರ ಕಣ್ಣೂ ದುಡಿಯಲಾರದು. ಹೀಗಾಗಿ ಮೇಳದಲ್ಲಿ ನಡೆಯುವುದು ಆಯ್ಕೆ: ಯಾವುದು ದೊಡ್ಡದು, ಯಾವುದು ಹೊಳೆಯುತ್ತದೆ, ಯಾವುದರ ಮುಂದೆ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ, ಅತ್ತ ಕಾಲು ಹೋಗುತ್ತದೆ. ಇದನ್ನು ಮೇಳದ ದೋಷ ಎಂದು ನಾನು ಹೇಳುತ್ತಿಲ್ಲ. ಅದು ಮಾರಾಟಕ್ಕೆಂದು ಕಟ್ಟಿದ ವ್ಯವಸ್ಥೆ. ಕೊಳ್ಳುವವರಿಗೆ ಮೊದಲ ಪ್ರವೇಶ, ಉಳಿದವರಿಗೆ ಆಮೇಲೆ ಟಿಕೆಟ್ ಎಂಬ ಕ್ರಮವೇ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಜಾತ್ರೆಯ ದಿನ ತೇರು ನೋಡಿ ಬಂದವರಿಗೆ ಗರ್ಭಗುಡಿಯ ಮುಂದೆ ನಿಂತ ಅನುಭವ ಆಗಿರುವುದಿಲ್ಲ. ಅದಕ್ಕೆ ಬೇರೆ ದಿನ ಬರಬೇಕು. ಆ ಬೇರೆ ದಿನದ ಮಾತನ್ನು ದೆಹಲಿ ಮರೆಯುತ್ತಿದೆ ಎಂಬುದೇ ನನ್ನ ಆತಂಕ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಮೃತಾ ಶೇರ್‌ಗಿಲ್ 1937ರಲ್ಲಿ ಬರೆದ ‘ದಿ ಸ್ಟೋರಿ ಟೆಲ್ಲರ್’ ಚಿತ್ರ 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯಿತು. ದೇಶದ ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಅದೇ 1937ರಲ್ಲಿ, ಅಜಂತಾ ಮತ್ತು ದಕ್ಷಿಣ ಭಾರತದ ಪ್ರವಾಸದ ನಂತರ, ಆಕೆ ಬರೆದ ‘ಬ್ರಹ್ಮಚಾರಿಗಳು’ ಇಂಡಿಯಾ ಗೇಟ್ ಪಕ್ಕದ ಜೈಪುರ್ ಹೌಸ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಸ್ವತ್ತು. ಅಲ್ಲಿಗೆ ಟಿಕೆಟ್ 20 ರೂಪಾಯಿ. ಆಕೆಯ ನೂರಕ್ಕೂ ಮಿಕ್ಕಿದ ಕೃತಿಗಳು ಆ ಸಂಗ್ರಹದಲ್ಲಿವೆ. ಬ್ರಹ್ಮಚಾರಿಗಳ ಚಿತ್ರದಲ್ಲಿ ಮೊದಲು ಕಾಣುವುದು ಕಂದು ಮೈಗಳು ಮತ್ತು ಬಿಳಿ ಪಂಚೆಗಳು, ಅಷ್ಟೇ. ಸ್ವಲ್ಪ ಹೊತ್ತು ನಿಂತರೆ ಆ ಬಿಳಿ ಒಂದೇ ಬಿಳಿಯಲ್ಲ ಎಂದು ತಿಳಿಯತೊಡಗುತ್ತದೆ: ಒಂದು ಪಂಚೆಯಲ್ಲಿ ಹಳದಿಯ ಛಾಯೆ, ಇನ್ನೊಂದರಲ್ಲಿ ಬೂದು. ಮೈಬಣ್ಣಗಳೂ ಹಾಗೆಯೇ ಬೇರೆ ಬೇರೆಯಾಗುತ್ತ ಹೋಗುತ್ತವೆ. ಆ ಹುಡುಗರ ಮುಖದ ಮೌನ ಎಲ್ಲಿಂದ ಬಂತು ಎಂದು ಹುಡುಕುವವರಿಗೆ ಉತ್ತರ ಸಿಗುವುದು ಈ ಬಣ್ಣಗಳ ನಡುವೆ. ಇದು 17 ಸೆಕೆಂಡಿನ ಕೆಲಸವಲ್ಲ. ಮೊದಲ ಭೇಟಿಯಲ್ಲಿ ಆಗುವ ಕೆಲಸವೂ ಅಲ್ಲವೇನೋ. ನಸ್ರೀನ್ ಮೊಹಮ್ಮದಿಯ ಪೆನ್ಸಿಲ್ ಮತ್ತು ಮಸಿಯ ಗೆರೆಗಳಂತೂ ಮೊಬೈಲ್ ಫೋಟೊದಲ್ಲಿ ಬರುವುದೇ ಇಲ್ಲ. ಕಾಗದಕ್ಕೆ ಮೊಳದಷ್ಟು ಹತ್ತಿರ ಹೋದಾಗ ಮಾತ್ರ ಗೆರೆ ಗೆರೆಯ ನಡುವಿನ ಅಂತರ ಉಸಿರಾಡತೊಡಗುತ್ತದೆ. ಸಾಕೇತದ ಕಿರಣ್ ನಾಡಾರ್ ಮ್ಯೂಸಿಯಂ 2013ರಲ್ಲಿ ಆಕೆಯ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತ್ತು. ಮೂರು ವರ್ಷಗಳ ನಂತರ ನ್ಯೂಯಾರ್ಕಿನ ಮೆಟ್ ಬ್ರಾಯರ್ ತನ್ನ ಬಾಗಿಲು ತೆರೆದಾಗ ಆರಿಸಿಕೊಂಡ ಮೊದಲ ಪ್ರದರ್ಶನಗಳಲ್ಲಿ ಈಕೆಯದೂ ಒಂದು. ದೆಹಲಿಯ ಆ ಪ್ರದರ್ಶನ ನೋಡಲು ಟಿಕೆಟ್ಟೇ ಇರಲಿಲ್ಲ.

ಮೇಳಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನೂ ಹೇಳಬೇಕು. 1987ರಲ್ಲಿ ಆರಂಭವಾದ ಸೂರಜ್‌ಕುಂಡದ ಮೇಳದಲ್ಲಿ ವಸ್ತುವಿನ ಪಕ್ಕದಲ್ಲಿ ಅದನ್ನು ಮಾಡಿದವರೇ ಕುಳಿತಿರುತ್ತಾರೆ. 2013ರಲ್ಲಿ ಕರ್ನಾಟಕವೇ ಅಲ್ಲಿಯ ಮುಖ್ಯ ರಾಜ್ಯವಾಗಿತ್ತು. ಬಿದರಿಯ ಕುಶಲಕರ್ಮಿ ಸತು-ತಾಮ್ರದ ಹೂಜಿಯ ಮೇಲೆ ಉಳಿಯಿಂದ ಗೀರಿ, ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಕಾಯಿಸಿದ ದ್ರಾವಣ ತಾಗಿದೊಡನೆ ಸತುವಿನ ಮೈ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮುಂದೆ ಯಾವ ಗಾಜಿನ ಕಪಾಟಿನಲ್ಲಿ ಬಿದರಿ ಕಂಡರೂ ಬೇರೆ ರೀತಿ ನೋಡುತ್ತಾರೆ. ಬೆಂಗಳೂರಿನ ಚಿತ್ರಸಂತೆಯೂ ಈ ಜಾತಿಗೆ ಸೇರಿದ್ದು: ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಕಲಾವಿದರೇ ತಮ್ಮ ಚಿತ್ರಗಳ ಪಕ್ಕ ನಿಂತಿರುತ್ತಾರೆ, ಟಿಕೆಟಿನ ಮಾತಿಲ್ಲ, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ಓಖ್ಲಾದ ಬಹುಪಾಲು ಮಳಿಗೆಗಳಲ್ಲಿ ನೋಡುಗನಿಗೆ ಎದುರಾಗುವುದು ಗ್ಯಾಲರಿಯವರು. ಚಿತ್ರ ಹೇಗೆ ಆಯಿತು ಎಂಬ ಪ್ರಶ್ನೆಗಿಂತ ಯಾರ ಸಂಗ್ರಹದಲ್ಲಿ ಇಂಥದ್ದಿದೆ ಎಂಬ ವಿವರ ಅವರ ಬಾಯಿಗೆ ಬೇಗ ಬರುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಬಲವಾದದ್ದು ಇದು: ಮ್ಯೂಸಿಯಂಗಳು ಖಾಲಿ ಹೊಡೆಯುತ್ತವೆ, ಮೇಳಕ್ಕೆ ಯುವಜನ ಸಾಲುಗಟ್ಟಿ ಬರುತ್ತಾರೆ; ಜನ ಎಲ್ಲಿ ಸೇರುತ್ತಾರೋ ಅಲ್ಲೇ ಕಲೆ ಇರಲಿ, ತಪ್ಪೇನು? ತಪ್ಪೇನಿಲ್ಲ. ಆದರೆ ಬಂದವರು ಎತ್ತ ಹೋದರು ಎಂದು ಕೇಳಲೇಬೇಕು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಅಲ್ಯಾಂ ದಾರ್ಬೆಲ್ ಅವರೊಂದಿಗೆ ಯುರೋಪಿನ ಮ್ಯೂಸಿಯಂಗಳ ಸಮೀಕ್ಷೆ ಮಾಡಿ 1966ರಲ್ಲಿ ಕಂಡುಕೊಂಡದ್ದು, ಜನರನ್ನು ಹೊರಗಿಡುವುದು ಟಿಕೆಟಿನ ಬೆಲೆಗಿಂತ ಹೆಚ್ಚಾಗಿ ಶಾಲೆಯಲ್ಲಿ ಸಿಗದೇ ಹೋದ ಪರಿಚಯ ಎಂದು. ಸಾಕೇತದಲ್ಲಿ ಅದು ಕಣ್ಣೆದುರೇ ಇದೆ. ಕಿರಣ್ ನಾಡಾರ್ ಮ್ಯೂಸಿಯಂ ಮಾಲ್‌ನ ಒಳಗಿದೆ, ಪ್ರವೇಶ ಉಚಿತ. ಆದರೂ ಪಕ್ಕದ ಅಂಗಡಿಗಳ ಜನಸಂದಣಿಯ ಒಂದು ಪಾಲೂ ಆ ಬಾಗಿಲು ದಾಟುವುದಿಲ್ಲ. ಅಲ್ಲಿ ನಮಗೆ ಏನು ಕೆಲಸ ಎಂಬ ಅಳುಕು ಬೆಲೆ ಇಳಿಸಿದರೆ ಹೋಗುವಂಥದ್ದಲ್ಲ. ಈ ಅಳುಕನ್ನು ಮೇಳ ಮುರಿಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಅಲ್ಲಿ ಯಾರೂ ಪಿಸುಗುಟ್ಟುವುದಿಲ್ಲ, ತಿಂಡಿ ಇದೆ, ಗೆಳೆಯರಿದ್ದಾರೆ. ಮುರಿದ ಮೇಲೆ ಆ ಜನ ಮಾರ್ಚ್ ತಿಂಗಳಲ್ಲಿ ಜೈಪುರ್ ಹೌಸಿಗೋ ತ್ರಿವೇಣಿ ಕಲಾ ಸಂಗಮಕ್ಕೋ ರವೀಂದ್ರ ಭವನಕ್ಕೋ ಬರುವಂತೆ ಮಾಡುವ ಕೆಲಸ ಮಾತ್ರ ಹಾಗೇ ಉಳಿದಿದೆ. ಮೇಳದಿಂದಲೇ ಕಲಾವಿದರ ಹೊಟ್ಟೆ ತುಂಬುತ್ತದೆ ಎಂಬ ಇನ್ನೊಂದು ಮಾತೂ ಇದೆ. ತುಂಬಲಿ. ಮಾರಾಟವಾದ ಚಿತ್ರ ಖಾಸಗಿ ಗೋಡೆಗೋ ಗೋದಾಮಿಗೋ ಹೋಗಿಬಿಟ್ಟರೆ ನೋಡುಗನ ಪಾಲಿಗೆ ಅದು ಕಣ್ಮರೆಯಾದಂತೆ. ಹೀಗಾಗಿ ಮಾರುಕಟ್ಟೆ ಬೆಳೆದಷ್ಟೂ ಸಾರ್ವಜನಿಕ ಸಂಗ್ರಹವೂ ಬೆಳೆಯಬೇಕು.

ಸ್ಥಾಯಿ ಸಂಗ್ರಹಗಳೇನು ಸಾಚಾ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ. ಮಿಥಿಲೆಯ ಗಂಗಾದೇವಿ ಪ್ರಗತಿ ಮೈದಾನದ ಪಕ್ಕದ ರಾಷ್ಟ್ರೀಯ ಕರಕುಶಲ ಮ್ಯೂಸಿಯಂನ ಗೋಡೆಗಳ ಮೇಲೆ ಬರೆದಿದ್ದ ಕೊಹಬರ್ ಘರ್, ಮದುವೆ ಮನೆಯ ಆ ಚಿತ್ರ, ದಶಕದ ಹಿಂದೆ ನವೀಕರಣದ ವೇಳೆ ನಾಶವಾಗಿಹೋಯಿತು. ಆಕೆ ತೀರಿಕೊಂಡಿದ್ದು 1991ರಲ್ಲಿ. ಮತ್ತೆ ಬರೆಯಲು ಕೈಯಿಲ್ಲ. ಒಂದು ಮೇಳ ರದ್ದಾಗಿದ್ದರೆ ಇದಕ್ಕಿಂತ ಹೆಚ್ಚು ಗದ್ದಲವಾಗುತ್ತಿತ್ತು. ಆ ಕೋಣೆಗೆ ಮತ್ತೆ ಮತ್ತೆ ಹೋಗುವ ಒಂದು ಸಾವಿರ ಜನ ದೆಹಲಿಯಲ್ಲಿದ್ದಿದ್ದರೆ ಗುತ್ತಿಗೆದಾರನ ಕೆಲಸ ಮೊದಲ ದಿನವೇ ನಿಲ್ಲುತ್ತಿತ್ತು ಎಂದು ನನಗೆ ಅನಿಸುತ್ತದೆ. ಸಂಗ್ರಹವನ್ನು ಕಾಯುವವರು ಅದರ ಕಾವಲುಗಾರರಷ್ಟೇ ಅಲ್ಲ, ಅದನ್ನು ಬಲ್ಲ ನೋಡುಗರೂ ಹೌದು.

ಇದರಲ್ಲಿ ಕನ್ನಡಿಗರಿಗೂ ಪಾಲಿದೆ. ಕರ್ನಾಟಕದ ಶಾಲಾ ಪ್ರವಾಸದ ಮಕ್ಕಳು ಕೆಂಪುಕೋಟೆ, ಕುತುಬ್ ಮಿನಾರ್ ಮುಗಿಸಿ ಇಂಡಿಯಾ ಗೇಟ್ ಬಳಿ ಬಸ್ಸಿಳಿಯುತ್ತಾರೆ. ಫೋಟೊ ತೆಗೆಸಿಕೊಂಡು, ಚುರುಮುರಿ ತಿಂದು ಮತ್ತೆ ಬಸ್ ಹತ್ತುತ್ತಾರೆ. ಅಲ್ಲಿಂದ ರಸ್ತೆ ದಾಟಿದರೆ ಜೈಪುರ್ ಹೌಸ್. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಕೃತಿಗಳೂ ಆ ಸಂಗ್ರಹದಲ್ಲಿವೆ. ಸೋಮವಾರವೊಂದನ್ನು ತಪ್ಪಿಸಿ, ಒಂದು ಗಂಟೆ ಅಲ್ಲಿಗೆಂದು ಮೀಸಲಿಟ್ಟು, ಮಕ್ಕಳಿಗೆ ಇಡೀ ಕಟ್ಟಡ ಸುತ್ತಿಸದೆ ಎರಡೇ ಚಿತ್ರಗಳ ಮುಂದೆ ಕೂರಿಸಿದರೆ ಸಾಕು. ಮರಳಿ ಹೋದ ಮೇಲೆ ಅವರಿಗೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಇದೆ. ಇದೇ ಸಂಗ್ರಹಾಲಯದ ಶಾಖೆಯಾಗಿ ಅದು ತೆರೆದದ್ದು 2009ರಲ್ಲಿ. ಚಿತ್ರಸಂತೆ ನಡೆಯುವ ರಸ್ತೆಯಿಂದ ಅದು ದೂರವೇನಲ್ಲ.