ಉಸ್ತಾದರ ಕಿತಾಬುಗಳು ಎಲ್ಲಿ ಹೋದವು?

ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ ಪಕ್ಕ ಒಂದು ಹಳೇ ಲೈಬ್ರರಿ ಉಂಟು. ಕಟ್ಟಿಸಿದವರು ಆರ್ಚ್‌ಬಿಷಪ್ ನಾರ್ಸಿಸಸ್ ಮಾರ್ಷ್. ಪುಸ್ತಕದ ಹುಚ್ಚಿನ ಪಾದ್ರಿ. ತೀರಿಹೋದ ಇನ್ನೊಬ್ಬ ಬಿಷಪ್ ಸ್ಟಿಲ್ಲಿಂಗ್‌ಫ್ಲೀಟ್‌ರ ಸುಮಾರು 10,000 ಪುಸ್ತಕಗಳನ್ನು 1705ರಲ್ಲಿ 2,500 ಪೌಂಡ್ ಕೊಟ್ಟು ಕೊಂಡರು. ಕೊಂಡು ಮನೆಯಲ್ಲಿ ಬೀಗ ಹಾಕಿ ಇಡಲಿಲ್ಲ. 1707ರಲ್ಲಿ ಅದಕ್ಕೊಂದು ಕಾನೂನೇ ಮಾಡಿಸಿ ಸಾರ್ವಜನಿಕರಿಗೆ ಬಿಟ್ಟರು. ಕಳ್ಳತನದ ಹೆದರಿಕೆ ಇತ್ತೋ ಏನೋ, ಬೆಲೆಬಾಳುವ ಪುಸ್ತಕ ಓದುವವರನ್ನು ತಂತಿಯ ಗೂಡಿನೊಳಗೆ ಕೂರಿಸುತ್ತಿದ್ದರಂತೆ!

ನಮಗೆ ಇದರಲ್ಲೇನು ಅಂತ ಕೇಳಬಹುದು. ಇದೇ ಪಾದ್ರಿ ಅರಬಿ ಹಸ್ತಪ್ರತಿಗಳನ್ನೂ ಸಂಗ್ರಹಿಸಿದ್ದರು. 1696ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಗೋಲಿಯಸ್ ಎಂಬ ಅರಬಿ ಪ್ರೊಫೆಸರರ ಸಂಗ್ರಹ ಹರಾಜಾದಾಗ ಜನ ಕಳಿಸಿ ಖರೀದಿಸಿದರು. ಅದರಲ್ಲಿ ಗ್ರೀಕ್ ಗಣಿತಜ್ಞ ಅಪೊಲೋನಿಯಸ್‌ನ ಕಿತಾಬಿನ ಅರಬಿ ಪ್ರತಿಯೂ ಇತ್ತು. ಆ ಕಿತಾಬಿನ ಮೂರು ಭಾಗಗಳ ಗ್ರೀಕ್ ಮೂಲ ಕಳೆದೇ ಹೋಗಿದೆ, ಉಳಿದದ್ದು ಅರಬಿಯಲ್ಲಿ ಮಾತ್ರ. ಧೂಮಕೇತುವಿನ ಹ್ಯಾಲಿ ಇದ್ದಾರಲ್ಲ, ಅವರೇ 1710ರಲ್ಲಿ ಲ್ಯಾಟಿನ್ ಆವೃತ್ತಿ ತಂದಾಗ ಮಾರ್ಷ್‌ರ ಪ್ರತಿ ಉಪಯೋಗಕ್ಕೆ ಬಂತು. 1713ರಲ್ಲಿ ಮಾರ್ಷ್ ತೀರಿಕೊಂಡ ಮೇಲೆ ಈ ಹಸ್ತಪ್ರತಿಗಳು ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಗೆ ಸೇರಿದವು. ಈಗಲೂ ಅಲ್ಲಿವೆ.

ನಮ್ಮಲ್ಲಿ ಏನಾಗುತ್ತದೆ? ಐವತ್ತು ವರ್ಷ ದರ್ಸ್ ನಡೆಸಿದ ಉಸ್ತಾದ್ ಮರ್ಹೂಂ ಆದರೆ ಅವರ ಕಿತಾಬುಗಳು ಗೋಣಿಗೆ ಬೀಳುತ್ತವೆ. ಗೋಣಿ ಮಸೀದಿಯ ಅಟ್ಟಕ್ಕೆ. ಅಲ್ಲಿ ಗೆದ್ದಲು ಮತ್ತು ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆ. ಕೊನೆಗೆ ಯಾರೋ ಅದಬಿನಿಂದಲೇ ಎಲ್ಲವನ್ನೂ ಮಣ್ಣು ಮಾಡುತ್ತಾರೆ. ಹರಿದ ಮುಸ್‌ಹಫ್‌ಗೆ ಅದು ಸರಿ. ಆದರೆ ಅದೇ ಗೋಣಿಯಲ್ಲಿ ಅಜ್ಜಿಯಂದಿರು ಹಾಡುತ್ತಿದ್ದ ಮಾಲೆಗಳು, ಅರಬಿ ಮಲಯಾಳದ ಹಳೇ ಮುದ್ರಣಗಳು, ಉಸ್ತಾದರು ಅಂಚಿನಲ್ಲಿ ಕೈಯಲ್ಲಿ ಬರೆದ ಟಿಪ್ಪಣಿಗಳೂ ಇರ್ತವೆ. ಅಂಥ ಟಿಪ್ಪಣಿಗೆ ಇನ್ನೊಂದು ಪ್ರತಿ ಇಲ್ಲ ಮಾರಾಯ್ರೆ.

ಮಾರ್ಷ್‌ರಷ್ಟು ದುಡ್ಡು ಬೇಡ. ಗೇಟಿಗೂ ಗ್ರಾನೈಟಿಗೂ ಲಕ್ಷಗಟ್ಟಲೆ ಹಾಕುವ ಜಮಾಅತ್‌ಗೆ ಒಂದು ಕಬ್ಬಿಣದ ಕಪಾಟು ಭಾರವೇ? ದರ್ಸಿನ ಇಬ್ಬರು ಮಕ್ಕಳು ಕೂತು ಹೆಸರು, ವರ್ಷ, ಯಾರ ಕಿತಾಬು ಅಂತ ಒಂದು ಪಟ್ಟಿ ಮಾಡಲಿ. ಕೈಬರಹದ ಪುಟಗಳ ಫೋಟೋ ಮೊಬೈಲಿನಲ್ಲೇ ತೆಗೆಯಬಹುದು. ಮನೆಯವರೂ ಅಷ್ಟೇ, ಹಳೇ ಪೆಟ್ಟಿಗೆ ಖಾಲಿ ಮಾಡುವ ಮೊದಲು ಅರಬಿ ಬಲ್ಲ ಒಬ್ಬರಿಗೆ ತೋರಿಸಿ. ಮಳೆಗಾಲಕ್ಕೆ ಮೊದಲೇ ಆದರೆ ಒಳ್ಳೇದು.