ಉಪ್ಪಿನ ಗುಣ, ಉಪ್ಪಿನ ಋಣ

ಸಂಖ್ಯೆಯಲ್ಲಿ ತೀರ ಚಿಕ್ಕದಾದ ಮತಸಮುದಾಯವೊಂದು ತಾನು ಬಾಳುವ ಸಮಾಜದ ಮೇಲೆ ಪ್ರಭಾವ ಬೀರಬಲ್ಲುದೆ? ಬೀರುವುದಾದರೆ ಅದು ಯಾವ ಬಗೆಯಲ್ಲಿ? ಕರ್ನಾಟಕದ ಕ್ರೈಸ್ತರ ಮಟ್ಟಿಗೆ ಈ ಪ್ರಶ್ನೆಯನ್ನೆತ್ತಿಕೊಂಡು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಬಹುದಿನದ ಬಯಕೆ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಇಂಥ ಸಮುದಾಯ ತನ್ನ ಇರವನ್ನು ಕುರಿತು ಆಲೋಚಿಸುವಾಗ ಸಾಮಾನ್ಯವಾಗಿ ಎರಡು ಉತ್ತರಗಳಲ್ಲಿ ಒಂದಕ್ಕೆ ಶರಣಾಗುತ್ತದೆ. ತನ್ನ ಸಂಖ್ಯೆ ಬೆಳೆಯಬೇಕೆಂಬುದು ಮೊದಲನೆಯದು. ತನ್ನ ಶಾಲೆ, ಆಸ್ಪತ್ರೆ, ಕಟ್ಟಡಗಳು ಬೆಳೆಯಬೇಕೆಂಬುದು ಎರಡನೆಯದು. ಈ ಎರಡೂ ಪ್ರಭಾವದ ಹೊರಗಿನ ಗುರುತುಗಳೇ ಹೊರತು ಪ್ರಭಾವವಲ್ಲ ಎಂದು ನಾನು ಬಲ್ಲೆ. ಹಾಗೆಂದು ಹೇಳುವುದಕ್ಕಾಗಿಯೇ ಈ ಲೇಖನ.

ಕ್ರಿಸ್ತನು ತನ್ನ ಶಿಷ್ಯರನ್ನು ಉಪ್ಪಿಗೆ ಹೋಲಿಸಿದನೆಂಬುದು ಎಲ್ಲರೂ ಅರಿತ ವಿಷಯ. ಈ ಹೋಲಿಕೆಯನ್ನು ವಿವರಿಸುವುದಕ್ಕೆ ಕನ್ನಡಿಗನಿಗೆ ವ್ಯಾಖ್ಯಾನಕಾರರ ನೆರವು ಬೇಕಿಲ್ಲ, ಅಡುಗೆಮನೆಯೇ ಸಾಕು. ಉಪ್ಪಿಗಿಂತ ರುಚಿಯಿಲ್ಲವೆನ್ನುವ ನಾವು ಬರಿಯ ಉಪ್ಪನ್ನು ಬಡಿಸಿ ಅತಿಥಿಗೆ ಊಟ ಹಾಕುವುದಿಲ್ಲ. ಸಾರಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಾದರೆ ಊಟ ಕೆಡುತ್ತದೆ. ಹದವಾಗಿದ್ದರೆ ಉಂಡವನು ಅಡುಗೆಯನ್ನು ಹೊಗಳುತ್ತಾನೆಯೇ ವಿನಾ ಉಪ್ಪನ್ನಲ್ಲ. ಇದು ಉಪ್ಪಿನ ಗುಣ. ಕನ್ನಡದಲ್ಲಿ ಉಪ್ಪಿಗೆ ಇನ್ನೊಂದು ಅರ್ಥವೂ ಉಂಟು: ಅದೇ ಋಣ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಕರ್ನಾಟಕದ ಕ್ರೈಸ್ತನಾದವನಿಗೆ ಈ ಎರಡೂ ಸಲ್ಲುತ್ತವೆ. ತನ್ನ ಧರ್ಮದಿಂದ ಅವನಿಗೆ ಬಂದದ್ದು ಉಪ್ಪಿನ ಗುಣ; ತನ್ನ ನಾಡಿನಿಂದ ಬಂದದ್ದು ಉಪ್ಪಿನ ಋಣ. ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲವೆಂದು ನನ್ನ ನಂಬಿಕೆ.

ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಕನ್ನಡದಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು. ವರ್ಷಕ್ಕೊಬ್ಬ ವಿದ್ಯಾರ್ಥಿಯಾದರೂ ಸಂಕೋಚದಿಂದ, “ಸಾರ್, ತಾವು ಕ್ರೈಸ್ತರಾಗಿದ್ದು ವಚನಗಳನ್ನೂ ದಾಸರ ಪದಗಳನ್ನೂ ಹೇಗೆ ಇಷ್ಟು ಮನಸ್ಸಿಟ್ಟು ಹೇಳುತ್ತೀರಿ?” ಎಂದು ಕೇಳುವುದುಂಟು. ಆ ಪ್ರಶ್ನೆಯಲ್ಲಿ ಕುಹಕವಿಲ್ಲ, ಬರಿಯ ಬೆರಗಿದೆ. ಆದರೆ ಆ ಬೆರಗು ನನ್ನನ್ನು ಚಿಂತೆಗೆ ಹಚ್ಚುತ್ತದೆ. ಕ್ರೈಸ್ತನೊಬ್ಬ ಕನ್ನಡದ ಕೆಲಸ ಮಾಡುವುದು ಸೋಜಿಗವೆಂದು ಇಂದಿನ ಹುಡುಗನಿಗೆ ತೋರಬೇಕಾದರೆ ನಡುವೆ ಯಾವುದೋ ಒಂದು ಎಳೆ ಕಡಿದಿರಬೇಕು. ನೂರು ವರ್ಷಗಳ ಹಿಂದೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ.

ಆ ಎಳೆಯನ್ನು ಸ್ವಲ್ಪ ಹಿಡಿದು ನೋಡೋಣ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಾದ ಎರಡು ವರ್ಷಕ್ಕೆ ಹರ್ಮನ್ ಮೋಗ್ಲಿಂಗ್ ಬಂದರು. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿತವಾದ ಆ ಪುಟಗಳಲ್ಲಿ ಊರ ವರ್ತಮಾನವಿತ್ತು, ಸರಕಾರದ ನಿರೂಪವಿತ್ತು, ದೂರದೇಶದ ಸುದ್ದಿಯಿತ್ತು. ಅದೇ ಮೋಗ್ಲಿಂಗರು ಮುಂದೆ 1848ರಿಂದ ಹಳೆಯ ಕನ್ನಡ ಕೃತಿಗಳ ಮಾಲೆಯೊಂದನ್ನು ಪ್ರಕಟಿಸತೊಡಗಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಇವು ಆ ಮಾಲೆಯಲ್ಲಿ ಅಚ್ಚಾದವು. ಕ್ರಿಸ್ತನನ್ನು ಸಾರಲು ಬಂದ ಪಾದ್ರಿ ಪುರಂದರದಾಸರನ್ನು ಅಚ್ಚುಹಾಕಿಸಿದನೆಂಬ ಈ ಸಂಗತಿ ಚಿಕ್ಕದಲ್ಲ.

ಫರ್ಡಿನೆಂಡ್ ಕಿಟ್ಟೆಲ್ಲರ ವಿಷಯ ಇನ್ನೂ ಪ್ರಸಿದ್ಧವಾದದ್ದು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಈ ನಾಡಿಗೆ ಬಂದ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಬೆಳಕು ಕಂಡ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ. ಹಳಗನ್ನಡ ಕಾವ್ಯದ ಶಬ್ದದ ಪಕ್ಕದಲ್ಲಿ ಹೊಲದ ಶಬ್ದ, ಮಗ್ಗದ ಶಬ್ದ, ಗಾದೆಯ ಶಬ್ದ ಸರಿಸಮನಾಗಿ ಕುಳಿತಿವೆ. ನಿಘಂಟೆಂಬುದು ವಿಚಿತ್ರವಾದ ಸೇವೆ. ಅದರಲ್ಲಿ ಉಪದೇಶಕ್ಕೆ ಎಡೆಯಿಲ್ಲ. ಶಿವನೆಂಬ ಶಬ್ದಕ್ಕೆ ಶೈವನು ಹೇಳುವ ಅರ್ಥವನ್ನೇ ಬರೆಯಬೇಕು, ವಿಷ್ಣುವೆಂಬ ಶಬ್ದಕ್ಕೆ ವೈಷ್ಣವನು ಹೇಳುವ ಅರ್ಥವನ್ನೇ ಬರೆಯಬೇಕು. ತನಗೆ ಒಪ್ಪಿಗೆಯೋ ಅಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ನೆರೆಯವನು ಹೇಳುವ ಮಾತನ್ನು ನೆರೆಯವನ ಅರ್ಥದಲ್ಲಿಯೇ ತಾಳ್ಮೆಯಿಂದ ಕೇಳಿಸಿಕೊಳ್ಳುವುದು ನೆರೆಯವನನ್ನು ಪ್ರೀತಿಸುವ ಬಗೆಗಳಲ್ಲಿ ಒಂದಲ್ಲವೆ?

ಇಲ್ಲಿ ಒಂದು ಆಕ್ಷೇಪಣೆ ಬರತಕ್ಕದ್ದೇ. “ಇವರೆಲ್ಲ ಬಂದದ್ದು ಮತಾಂತರಕ್ಕಾಗಿ, ಭಾಷೆ ಕಲಿತದ್ದೂ ಅದಕ್ಕಾಗಿಯೇ, ಇದನ್ನು ಸೇವೆಯೆಂದು ಕರೆಯುವುದೇಕೆ?” ಎಂದು ಕೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಅವರು ಬಂದದ್ದು ಆ ಉದ್ದೇಶದಿಂದಲೇ; ಅದನ್ನು ಅವರು ಮುಚ್ಚಿಡಲೂ ಇಲ್ಲ. ಇಲ್ಲಿಯ ಆಚಾರ ವಿಚಾರಗಳನ್ನು ಕುರಿತು ಮಿಷನರಿಗಳಲ್ಲಿ ಅನೇಕರು ಆಡಿದ ಮಾತುಗಳಲ್ಲಿ ತಾತ್ಸಾರವೂ ಅಜ್ಞಾನವೂ ಬೇಕಾದಷ್ಟಿವೆ. ಆದರೆ ಕಾಲವೆಂಬುದೊಂದು ಮೊರ. ಅದು ತೂರಿದಾಗ ತೌಡು ಹಾರಿಹೋಗಿ ಕಾಳು ಉಳಿಯಿತು. ಅವರು ಬೀದಿಯಲ್ಲಿ ನಿಂತು ಮಾಡಿದ ಖಂಡನೆಗಳನ್ನು ಇಂದು ಯಾರೂ ನೆನೆಯುವುದಿಲ್ಲ. ನಿಘಂಟನ್ನು ಮಾತ್ರ ಮಠದ ಸ್ವಾಮಿಗಳೂ ತೆರೆಯುತ್ತಾರೆ, ನಾಸ್ತಿಕನಾದ ವಿಮರ್ಶಕನೂ ತೆರೆಯುತ್ತಾನೆ. ಧರ್ಮಕ್ಕಾಗಿ ಕೈಗೊಂಡ ಕೆಲಸವನ್ನು ಆ ಕೆಲಸದ ಧರ್ಮಕ್ಕೆ ಚ್ಯುತಿ ಬಾರದಂತೆ ಮಾಡಿದಾಗ ಅದು ಮಾಡಿದವನ ಉದ್ದೇಶವನ್ನೂ ಮೀರಿ ಬೆಳೆಯುತ್ತದೆ. ನನಗೆ ಇದರಲ್ಲಿ ಕಾಣುವುದು ಅವರ ಶ್ರದ್ಧೆಯ ಸೋಲಲ್ಲ, ಅದರ ಪಕ್ವತೆ.

ಮಿಷನರಿಗಳು ಹೊರಗಿನಿಂದ ಬಂದವರು. ಅವರದು ಗುಣದ ಮಾತಾಯಿತು. ಋಣದ ಮಾತಿಗೆ ಈ ಮಣ್ಣಿನಲ್ಲೇ ಹುಟ್ಟಿದ ಒಬ್ಬರನ್ನು ನೆನೆಯಬೇಕು. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಉಪದೇಶಿಗಳಾಗಿ ಊರೂರು ತಿರುಗಿದರು. ಹಾಗೆ ತಿರುಗುವಾಗ ಹಳ್ಳಿಗರ ನಾಲಗೆಯ ಮೇಲಿದ್ದ ಸರ್ವಜ್ಞನ ತ್ರಿಪದಿಗಳು ಅವರ ಕಿವಿಗೆ ಬಿದ್ದವು. ಕೇಳಿದ್ದನ್ನು ಬರೆದುಕೊಂಡರು, ಓಲೆಗರಿಗಳನ್ನು ಹುಡುಕಿದರು, ಪಾಠಗಳನ್ನು ಹೋಲಿಸಿದರು. 1924ರಲ್ಲಿ ಅವರು ಹೊರತಂದ ‘ಸರ್ವಜ್ಞನ ವಚನಗಳು’ ಆ ಕವಿಯನ್ನು ವಿದ್ವಾಂಸರ ಚಾವಡಿಗೆ ಕರೆತಂದಿತು. ಮುಂದೆ ಅವರು ವಚನಸಾಹಿತ್ಯಕ್ಕೆ ಕೈಹಾಕಿ, ಅನುಭವಮಂಟಪವು ಕವಿಕಲ್ಪನೆಯಲ್ಲ, ಐತಿಹಾಸಿಕ ಸತ್ಯವೆಂದು ವಾದಿಸಿ ಗ್ರಂಥವನ್ನೇ ಬರೆದರು. ವೀರಶೈವ ವಿದ್ವಾಂಸರು ಅವರನ್ನು ತಮ್ಮವರೆಂದು ಬಗೆದರು. ಹಾಗೆಂದು ಚನ್ನಪ್ಪನವರು ಪಾದ್ರಿಯ ನಿಲುವಂಗಿಯನ್ನು ಕಳಚಿಡಲಿಲ್ಲ. ಕೊನೆಯವರೆಗೂ ಕ್ರಿಸ್ತಭಕ್ತರಾಗಿಯೇ ಬಾಳಿ 1962ರಲ್ಲಿ ತೀರಿಕೊಂಡರು.

1921ರಷ್ಟು ಹಿಂದೆಯೇ ಅವರು ಬರೆದ ಒಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಆ ಹೆಸರಿನಲ್ಲಿರುವ ವಿನಂತಿ ಎಂಬ ಶಬ್ದವನ್ನು ವಾಚಕರು ಗಮನಿಸಬೇಕು. ಆಜ್ಞೆಯಲ್ಲ, ಸವಾಲಲ್ಲ, ವಿನಂತಿ. ವಿನಂತಿ ಮಾಡುವವನು ಎದುರಿನವನನ್ನು ಗೌರವಿಸಲೇಬೇಕು. ಒಪ್ಪದಿರುವ ಹಕ್ಕನ್ನು ಅವನಿಗೆ ಬಿಟ್ಟುಕೊಡಲೇಬೇಕು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷವೇ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ ಅಧ್ಯಕ್ಷಪೀಠಕ್ಕೆ ಕನ್ನಡಿಗರು ಆರಿಸಿದ್ದು ಈ ಪಾದ್ರಿಗಳನ್ನು. ಮತೀಯ ದಳ್ಳುರಿಯಿಂದ ಆಗತಾನೆ ಹೊರಬಂದಿದ್ದ ನೆಲದಲ್ಲಿ ಆ ಆಯ್ಕೆ ಎಷ್ಟು ದೊಡ್ಡ ಮಾತೆಂಬುದನ್ನು ಯೋಚಿಸಿ ನೋಡಬೇಕು. ಅವರನ್ನು ಅಲ್ಲಿ ಕೂರಿಸಿದ್ದು ಕ್ರೈಸ್ತರ ಸಂಖ್ಯೆಯಲ್ಲ, ಸಂಸ್ಥೆಯ ಬಲವಲ್ಲ. ಹಳ್ಳಿಗಳ ಧೂಳಿನಲ್ಲಿ ಕಳೆದ ಅವರ ವರ್ಷಗಳು.

ಬರಹಗಾರರಲ್ಲದವರಿಗೂ ಇಂಥ ದಾರಿಗಳಿದ್ದವು. ಕ್ರೈಸ್ತರಾದವರು ಮನೆಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದಾಗ ಅವರಿಗೆ ಅನ್ನದ ದಾರಿ ಬೇಕಾಗಿ ಮಿಷನ್ನಿನವರು ಮಗ್ಗಗಳನ್ನು ಹೂಡಿದರು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹೆಂಚು ತನ್ನ ಕೆಳಗೆ ಮಲಗಿದವನ ಜಾತಿಯನ್ನು ಕೇಳಲಿಲ್ಲ. ಅದೇ ಊರಿನ ಕಂಕನಾಡಿಯಲ್ಲಿ 1880ರಲ್ಲಿ ಆಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಗುರುಗಳು ಬಡವರಿಗೆ ಹೋಮಿಯೋಪಥಿ ಔಷಧಿ ಹಂಚತೊಡಗಿದ್ದೇ ಮುಂದೆ ದೊಡ್ಡ ಆಸ್ಪತ್ರೆಯಾಯಿತು. ಯಾರೂ ಮುಟ್ಟದಿದ್ದ ಕುಷ್ಠರೋಗಿಗಳಿಗೂ ಅಲ್ಲಿ ನೆರಳು ಸಿಕ್ಕಿತು.

ಇದೆಲ್ಲ ಹಿಂದಿನ ವೈಭವ. ಹಿರಿಯರ ಹೆಸರು ಹೇಳಿ ಮೀಸೆ ತಿರುವುವುದರಿಂದ ಋಣ ತೀರುವುದಿಲ್ಲ. ಇಂದಿನ ಸ್ಥಿತಿಯೇನು? ಕನ್ನಡ ಶಾಲೆಗಳನ್ನು ತೆರೆದ ಸಮುದಾಯದ ಹೆಸರಿನೊಡನೆ ಇಂದು ಜನರ ಬಾಯಲ್ಲಿ ಜೊತೆಗೂಡಿರುವ ಶಬ್ದ ‘ಕಾನ್ವೆಂಟ್’. ಸಂನ್ಯಾಸಿನಿಯರ ಮಠವೆಂಬ ಅದರ ಮೂಲಾರ್ಥ ಮರೆತುಹೋಗಿದೆ. ಇಂಗ್ಲಿಷ್ ಕಲಿಸುವ, ಹಣ ಕೇಳುವ, ಬೂಟು ಟೈ ಹಾಕಿಸುವ ಶಾಲೆಯೆಂಬುದೇ ಈಗಿನ ಅರ್ಥ. ಕ್ರೈಸ್ತರಿಗೆ ಸಂಬಂಧವೇ ಇಲ್ಲದ ಶಾಲೆಯನ್ನೂ ಜನ ಕಾನ್ವೆಂಟ್ ಎನ್ನುತ್ತಾರೆ. ಪ್ರಭಾವವೆಂದರೆ ಇದೂ ಪ್ರಭಾವವೇ. ಆದರೆ ಯಾವುದರ ಪ್ರಭಾವ? ಕ್ರಿಸ್ತನದಂತೂ ಅಲ್ಲ.

ನಾನು ಇಂಗ್ಲಿಷಿನ ವೈರಿಯಲ್ಲ. ಕೂಲಿಕಾರನ ಮಗಳಿಗೆ ಇಂಗ್ಲಿಷ್ ಬೇಡವೆನ್ನುವ ಅಧಿಕಾರ ಇಂಗ್ಲಿಷ್ ಬಲ್ಲವರಿಗಿಲ್ಲ. ನನ್ನ ಅಳಲು ಬೇರೆ. ಶಾಲೆಯ ಅಂಗಳದಲ್ಲಿ ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವ ಪದ್ಧತಿ ಎಲ್ಲಿದ್ದರೂ ಅದು ಅವಮಾನ. ಕ್ರೈಸ್ತಶಾಲೆಯಲ್ಲಿದ್ದರೆ ಅವಮಾನದ ಜೊತೆಗೆ ಪಾಪವೂ ಹೌದು. ತಾಯಿ ಕಲಿಸಿದ ಮಾತನ್ನು ತಪ್ಪೆಂದು ಮಗುವಿಗೆ ಹೇಳುವವನು ಆ ತಾಯಿಯನ್ನೇ ತಪ್ಪೆಂದಂತಾಗುತ್ತದೆ. ಕಿಟ್ಟೆಲ್ಲರ ಚಿತ್ರಕ್ಕೆ ಹಾರ ಹಾಕಿ ಕನ್ನಡದ ಗಂಟೆಯನ್ನು ವೇಳಾಪಟ್ಟಿಯ ಮೂಲೆಗೆ ತಳ್ಳುವ ಶಾಲೆ ಹಾರ ಹಾಕದಿರುವುದೇ ಮೇಲು.

ಮನೆಯೊಳಗಿನ ಮಾತನ್ನೂ ಆಡಿಬಿಡುತ್ತೇನೆ. ಸುವಾರ್ತೆಯನ್ನು ನಂಬಿ ಬಂದವರ ನಡುವೆಯೂ ಜಾತಿಯ ಗೆರೆ ಪೂರ್ಣವಾಗಿ ಅಳಿಸಿಲ್ಲ. ಮದುವೆಯ ಮಾತುಕತೆ ಬಂದಾಗ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಪೂಜಾವಿಧಿಯ ಬಾಗಿಲು ತೆರೆದ ಮೇಲೆ, ದೇವರಿಗೆ ಯಾವ ಭಾಷೆಯಲ್ಲಿ ಕೈಮುಗಿಯಬೇಕೆಂಬುದೇ ಬೆಂಗಳೂರಿನ ಕಥೋಲಿಕರ ನಡುವೆ ಜಗಳದ ವಿಷಯವಾಯಿತು. ಸಮಾಜವನ್ನು ತಿದ್ದಹೊರಟವನು ತನ್ನ ಪಂಕ್ತಿಯಲ್ಲಿ ಯಾರು ಎಲ್ಲಿ ಕುಳಿತಿದ್ದಾರೆಂದು ಮೊದಲು ನೋಡಿಕೊಳ್ಳಬೇಕು. ಒಳಗೆ ಸಪ್ಪೆಯಾದ ಉಪ್ಪನ್ನು ಹೊರಗೆ ಹಂಚಿ ಫಲವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳು ನನ್ನಲ್ಲಿಲ್ಲ. ಕ್ರೈಸ್ತ ವೈದ್ಯನು ರೋಗಿಗೆ ಅವನ ಕಾಯಿಲೆಯನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಲಿ. ಕ್ರೈಸ್ತ ಗುಮಾಸ್ತನ ಮೇಜಿನ ಮೇಲೆ ವಿಧವೆಯ ಅರ್ಜಿ ಲಂಚಕ್ಕಾಗಿ ಕಾಯದಿರಲಿ. ಕ್ರೈಸ್ತಶಾಲೆ ತನ್ನ ಅತ್ಯುತ್ತಮ ಅಧ್ಯಾಪಕನನ್ನು ಕನ್ನಡಕ್ಕೆ ನೇಮಿಸಲಿ. ಹಣವಿಲ್ಲದ ಮಗುವಿಗೆ ಮೊದಲ ಬೆಂಚಿನಲ್ಲಿ ಜಾಗ ಕೊಡಲಿ. ಹಳೆಯ ದೇವಾಲಯಗಳ ಬೀರುಗಳಲ್ಲಿ ಗೆದ್ದಲು ತಿನ್ನುತ್ತಿರುವ ಕನ್ನಡ ಕಾಗದಪತ್ರಗಳನ್ನು ಯಾರಾದರೂ ತೆಗೆದು ಓದಲಿ. ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನ ಸಂಗ್ರಹಾಲಯ ಅಂಥ ಕಾಗದಗಳನ್ನು ಕಾಪಾಡಿ ದಾರಿ ತೋರಿದೆ. ಉತ್ತಂಗಿಯವರಂತೆ ಒಬ್ಬ ತರುಣ ಪಾದ್ರಿಯಾದರೂ ಹೇಳಲು ಹೋದ ಹಳ್ಳಿಯಲ್ಲಿ ಕೇಳಿಸಿಕೊಂಡು ಬರಲಿ.

ಇಷ್ಟೆಲ್ಲ ಮಾಡುವಾಗ ಒಂದು ಎಚ್ಚರಿಕೆ ಬೇಕು. ಕೊಡುವ ಕೈಯಲ್ಲಿ ಗಾಳವಿರಕೂಡದು. ಷರತ್ತಿನ ಮೇಲೆ ಕೊಟ್ಟ ಔಷಧಿ ವ್ಯಾಪಾರವಾಗುತ್ತದೆ. ಅದನ್ನು ಕಂಡು ನೆರೆಯವನು ಸಂಶಯಪಟ್ಟರೆ ತಪ್ಪು ಅವನದಲ್ಲ. ನಂಬಿಕೆಯನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಕೇಳಿದವನಿಗೆ ಹೇಳುವುದು ಧರ್ಮ. ಕೇಳದವನ ಸಂಕಟವನ್ನು ಅವಕಾಶವೆಂದು ಬಗೆಯುವುದು ಅಧರ್ಮ. ಅಂತೆಯೇ ಇತರ ಬಂಧುಗಳಲ್ಲಿಯೂ ನನ್ನದೊಂದು ವಿನಂತಿ ಉಂಟು: ಕ್ರೈಸ್ತನ ಪ್ರತಿಯೊಂದು ಸತ್ಕಾರ್ಯದ ಹಿಂದೆಯೂ ಬಲೆಯನ್ನೇ ಹುಡುಕುವ ಕಣ್ಣಿಗೆ ನಿಘಂಟೂ ಬಲೆಯಾಗಿಯೇ ಕಂಡೀತು. ಕೆಲಸವನ್ನು ಕೆಲಸದಿಂದಲೇ ಅಳೆಯಿರಿ. ಕಳಪೆಯಾಗಿದ್ದರೆ ನಿಷ್ಠುರವಾಗಿ ಹೇಳಿರಿ.

ಶಬ್ದವೊಂದರ ಅರ್ಥ ಹುಡುಕುತ್ತ ಕಿಟ್ಟೆಲ್ಲರ ನಿಘಂಟಿನ ಪುಟ ತಿರುವುವ ವಿದ್ಯಾರ್ಥಿ ಅದನ್ನು ಬರೆದವನ ಮತವನ್ನು ವಿಚಾರಿಸುವುದಿಲ್ಲ. ಅರ್ಥ ಸಿಕ್ಕಿತೆಂದು ಸಂತೋಷದಿಂದ ಪುಸ್ತಕ ಮುಚ್ಚುತ್ತಾನೆ. ಆ ಸಂತೋಷದಲ್ಲಿ ತನ್ನ ಹೆಸರಿಲ್ಲವೆಂದು ಕೊರಗದವನೇ ಈ ನಾಡಿನ ಉಪ್ಪುಂಡು ಈ ನಾಡಿಗೆ ಉಪ್ಪಾಗಬಲ್ಲನು.