ಪರಮ್ಮನ ಪಾಲು

ಬೈಲಹೊಂಗಲವೆಂದೊಡನೆ ನಮ್ಮ ಕಡೆಯ ಜನಕ್ಕೆ ಎರಡು ಕಥೆಗಳು ನೆನಪಾಗುತ್ತವೆ. ಒಂದು, ಅಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕಣ್ಮುಚ್ಚಿದ ಕಿತ್ತೂರಿನ ರಾಣಿ ಚೆನ್ನಮ್ಮನ ಕಥೆ. ಇನ್ನೊಂದು, ಆ ಊರಿನ ಮನೆಯೊಂದರೊಳಗೆ ಹುಟ್ಟಿ ಕೊಲೆಯಲ್ಲಿ ಮುಗಿದ ಸಂಗ್ಯಾ ಬಾಳ್ಯಾರ ಕಥೆ. ಮೊದಲನೆಯದಕ್ಕೆ ಸಮಾಧಿಯಿದೆ, ಪ್ರತಿಮೆಯಿದೆ, ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರಿನ ಉತ್ಸವವಿದೆ. ಅದರ ಪಕ್ಕದ ಪಾತ್ರಗಳನ್ನೂ ಜನ ಮರೆತಿಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಕೆಡವಿದ ಅಮಟೂರು ಬಾಳಪ್ಪನ ಹೆಸರನ್ನು ಅಲ್ಲಿಯ ಶಾಲೆಯ ಹುಡುಗನೂ ಹೇಳಬಲ್ಲ. ಸಂಗೊಳ್ಳಿಯ ರಾಯಣ್ಣನಂತೂ ಪಕ್ಕದ ಪಾತ್ರವಾಗಿ ಉಳಿಯದೆ ತನ್ನದೇ ಕಥೆಗೆ ನಾಯಕನಾದ. ಎರಡನೆಯ ಕಥೆಗೆ ಆಟವೊಂದೇ ಆಸರೆ. ಅದರ ಪಕ್ಕದ ಪಾತ್ರಗಳ ವಿಷಯವಾಗಿ ಈಚೆಗೆ ನನ್ನ ಮನಸ್ಸಿನಲ್ಲಿ ಎದ್ದ ಕೆಲವು ವಿಚಾರಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಆಟವನ್ನು ಕಾಣದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಸಂಗ್ಯಾ ಉಳ್ಳವರ ಮನೆಯ ತರುಣ. ಬಾಳ್ಯಾ ಅವನ ಪ್ರಾಣಸ್ನೇಹಿತ. ಈರ್ಯಾ ಎಂಬುವನ ಹೆಂಡತಿ ಗಂಗೆಯನ್ನು ಸಂಗ್ಯಾ ಮೋಹಿಸುತ್ತಾನೆ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟ ಹೊತ್ತಿನಲ್ಲಿ ಪರಮ್ಮನೆಂಬ ಮುದುಕಿಯ ಮೂಲಕ ಆಕೆಯನ್ನು ಒಲಿಸಿಕೊಳ್ಳುತ್ತಾನೆ. ಸುದ್ದಿ ಈರ್ಯಾನ ಕಿವಿಗೆ ಬೀಳುತ್ತದೆ. ಪ್ರಾಣಸ್ನೇಹಿತನೇ ಸಂಗ್ಯಾನನ್ನು ವೈರಿಗಳ ಕೈಗೆ ಒಪ್ಪಿಸುತ್ತಾನೆ, ಕೊಲೆಯಾಗುತ್ತದೆ. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಸಂಗತಿಯೇ ಇದಕ್ಕೆ ಮೂಲವೆಂದು ಆ ಭಾಗದ ಜನ ನಂಬಿದ್ದಾರೆ. ಪತ್ತಾರ ಮಾಸ್ತರರು ಕಟ್ಟಿದ ಸಣ್ಣಾಟವಾಗಿ ಇದು ಊರೂರು ತಿರುಗಿತು. ಚಂದ್ರಶೇಖರ ಕಂಬಾರರು ಸಂಪಾದಿಸಿ ಮುದ್ರಿಸಿದರು. ನಗರದ ರಂಗಭೂಮಿಯನ್ನೂ ಏರಿತು, ಸಿನಿಮಾವೂ ಆಯಿತು. ದೊಡ್ಡಾಟದ ಕಿರೀಟ ಭುಜಕೀರ್ತಿಗಳು ಇದಕ್ಕೆ ಬೇಡ. ನೆರೆಮನೆಯವರು ಉಡುವ ಬಟ್ಟೆ, ದಪ್ಪು, ತಾಳ, ಹಾರ್ಮೋನಿಯಂ, ಹಿಂದೆ ನಿಂತು ಸೊಲ್ಲು ಹಿಡಿಯುವ ಮೇಳ, ಇಷ್ಟಿದ್ದರೆ ಬೆಳಗಿನವರೆಗೆ ನಡೆಯಿತು.

ಕೆಲವು ತಿಂಗಳ ಹಿಂದೆ ಸವದತ್ತಿಯ ಕಡೆ ವಿದ್ಯಾರ್ಥಿಗಳು ಆಡಿದ ಸಂಗ್ಯಾ ಬಾಳ್ಯಾವನ್ನು ನೋಡುವ ಸಂದರ್ಭ ನನಗೆ ಒದಗಿತು. ಸ್ಪರ್ಧೆಯ ಆಟ, ನಲವತ್ತು ನಿಮಿಷದ ಗಡುವು. ಹುಡುಗರು ಚೆನ್ನಾಗಿಯೇ ಹಾಡಿದರು. ಆದರೆ ಗಡುವಿಗೆ ಆಹುತಿಯಾದವಳು ಪರಮ್ಮ. ಕೋಲೂರಿಕೊಂಡು ಬಂದಳು, ದ್ವಂದ್ವಾರ್ಥದ ಒಂದು ಮಾತನ್ನಾಡಿದಳು, ಸಭೆ ನಕ್ಕಿತು, ಹೋದಳು. ಮರುಗಳಿಗೆಯಲ್ಲಿ ಗಂಗೆ ಸಂಗ್ಯಾನ ತೋಳಿನಲ್ಲಿದ್ದಳು. ನನ್ನ ಹಿಂದೆ ಕುಳಿತಿದ್ದ ಗೃಹಸ್ಥರೊಬ್ಬರು, 'ಹೆಣ್ಣಿನ ಬುದ್ಧಿಯೇ ಇಷ್ಟು' ಎಂದು ಉದ್ಗರಿಸಿದರು. ಅವರನ್ನು ದೂಷಿಸಲಾರೆ. ಅವರು ಕಂಡ ಆಟದಲ್ಲಿ ಬೇರೆ ಅರ್ಥಕ್ಕೆ ಎಡೆಯೇ ಇರಲಿಲ್ಲ.

ನಾನು ಹುಡುಗನಾಗಿದ್ದಾಗ ಜಾತ್ರೆಯಲ್ಲಿ ಕಂಡ ಆಟ ಹೀಗಿರಲಿಲ್ಲ. ಅಲ್ಲಿ ಪರಮ್ಮ ಗಂಗೆಯ ಮನೆಗೆ ಹಲವು ಸಲ ಬರುತ್ತಿದ್ದಳು. ಮೊದಲ ಸಲ ಬೈಸಿಕೊಂಡಳು; ಎರಡನೆಯ ಸಲ ಹೊಡೆತ ತಿಂದಳು. ತಿಂದು, ಸೆರಗಿನಿಂದ ಮುಖ ಒರಸಿಕೊಂಡು, ಕಟ್ಟೆಯ ಮೇಲೆ ಕುಳಿತು ತಂಬಾಕಿನ ಚೀಲ ಬಿಚ್ಚಿದಳು. ಆಮೇಲೆ ಅವಳು ಆಡಿದ್ದು ಸಂಗ್ಯಾನ ಮಾತಲ್ಲ. ಮಳೆಯ ಮಾತು, ಜೋಳದ ಧಾರಣೆಯ ಮಾತು, ಗಂಡ ಊರು ಬಿಟ್ಟು ಎಷ್ಟು ದಿನವಾಯಿತೆಂಬ ಮಾತು. ಗಂಗೆ ಮೊದಲು ಬಾಗಿಲ ಒಳಗೆ ನಿಂತು ಉತ್ತರ ಕೊಟ್ಟಳು, ಆಮೇಲೆ ಹೊಸ್ತಿಲಲ್ಲಿ ಕುಳಿತಳು. ಗಂಗೆಯ 'ಒಲ್ಲೆ'ಗೂ 'ಆಗಲಿ'ಗೂ ನಡುವಿನ ದಾರಿಯನ್ನೆಲ್ಲ ಸಭೆ ಆ ಮುದುಕಿಯ ಕಾಲಿನಿಂದಲೇ ನಡೆಯಬೇಕಾಗಿತ್ತು. ಗಂಗೆಯ ಒಂಟಿತನವೂ ಪರಮ್ಮನ ಹಸಿವೂ ದಾರಿಯುದ್ದಕ್ಕೂ ನಮಗೆ ಕಾಣುತ್ತಿದ್ದವು. ಸಂಗ್ಯಾ ಕೊಡುವ ಹಣವಿಲ್ಲದಿದ್ದರೆ ಅವಳ ಮನೆಯ ಒಲೆ ಹೊತ್ತುವಂತಿರಲಿಲ್ಲ. ನಮ್ಮ ಕಾವ್ಯಗಳ ಕುಂಟಣಿಗೆ ಹೊಟ್ಟೆಯಿರುವುದಿಲ್ಲ, ನಾಲಗೆ ಮಾತ್ರ ಇರುತ್ತದೆ. ಅವಳು ಲಕ್ಷಣಗ್ರಂಥದಿಂದ ಎದ್ದು ಬಂದವಳು. ಪರಮ್ಮ ಬೈಲಹೊಂಗಲದ ಓಣಿಯಿಂದ ಬಂದವಳು.

ಈರ್ಯಾನ ತಮ್ಮಂದಿರ ವಿಷಯವೂ ಹೀಗೆಯೇ. ಅವರು ಕೊಲೆಗೆ ಕೈಗೂಡಿಸುವವರೆಂದಷ್ಟೇ ನಮ್ಮ ನೆನಪು. ಆದರೆ ಮನೆತನದ ಮಾನವೆಂಬ ಮಾತು ಅವರ ಬಾಯಲ್ಲಿ ಬಂದ ಮೇಲೆ ಈರ್ಯಾನಿಗೆ ಹಿಂದೆ ಸರಿಯಲು ದಾರಿಯುಳಿಯುವುದಿಲ್ಲ. ಬಾಳ್ಯಾನ ಮಾತು ಬೇರೆ. ದ್ರೋಹ ಮಾಡಿಯೂ ಅವನಿಗೆ ಶೀರ್ಷಿಕೆಯಲ್ಲಿ ಅರ್ಧ ಪಾಲು ದಕ್ಕಿತು. ಯಾರ ನಿಮಿತ್ತ ಇಷ್ಟೆಲ್ಲ ನಡೆಯಿತೋ ಆ ಗಂಗೆಗೆ ಅದೂ ದಕ್ಕಲಿಲ್ಲ.

ಶೀರ್ಷಿಕೆಯಲ್ಲಷ್ಟೇ ಅಲ್ಲ. 1860ರ ದಂಡಸಂಹಿತೆಯ 497ನೆಯ ಕಲಮಿನಲ್ಲಿಯೂ ಗಂಗೆಗೆ ಪಾತ್ರವಿರಲಿಲ್ಲ. ಅಲ್ಲಿ ಅಪರಾಧಿ ಸಂಗ್ಯಾ, ನೊಂದವನು ಈರ್ಯಾ; ಈರ್ಯಾ ಒಪ್ಪಿದ್ದರೆ ಅಪರಾಧವೇ ಇಲ್ಲ. ಹೆಂಡತಿಯನ್ನು ಶಿಕ್ಷಿಸುತ್ತಿರಲಿಲ್ಲ ಎಂಬುದನ್ನು ಕೆಲವರು ಔದಾರ್ಯವೆಂದು ತಿಳಿದಿದ್ದರು. ಕಳುವಾದ ಎತ್ತನ್ನು ಯಾರೂ ಶಿಕ್ಷಿಸುವುದಿಲ್ಲವಷ್ಟೆ! 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಲಮನ್ನು ರದ್ದುಮಾಡಿತು. 2023ರಲ್ಲಿ ಸಂಸದೀಯ ಸಮಿತಿಯೊಂದು, ಗಂಡುಹೆಣ್ಣೆಂಬ ಭೇದವಿಲ್ಲದೆ ಅದನ್ನು ಮರಳಿ ತರಬೇಕೆಂದು ಸೂಚಿಸಿದರೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೇರಲಿಲ್ಲ. ಆದರೆ ವಿವಾಹಿತೆಯನ್ನು ಪುಸಲಾಯಿಸಿ ಕೊಂಡೊಯ್ಯುವುದು ಅಪರಾಧವೆನ್ನುವ ಹಳೆಯ ಕಲಮು 84ನೆಯದಾಗಿ ಹೊಸ ಸಂಹಿತೆಯಲ್ಲಿಯೂ ಕುಳಿತಿದೆ. ಗಂಗೆಯ ಮನಸ್ಸನ್ನು ಕೇಳುವ ಮಾತು ಇನ್ನೂ ಅರ್ಧಕ್ಕೆ ನಿಂತಿದೆಯೆಂದೇ ನಾನು ತಿಳಿಯುತ್ತೇನೆ. ಇಂಥ ಕೊಲೆಗಳ ವರದಿಗಳನ್ನಾದರೂ ನೋಡಿರಿ: ಗಂಡ, ಹೆಂಡತಿ, ಪ್ರಿಯಕರ, ಮೂವರಲ್ಲಿ ಕಥೆ ಮುಗಿಯಿತು. ಯಾರು ಹಣ ಕೊಟ್ಟರು, ಯಾರು ಕಿವಿಯೂದಿದರು, ಯಾರು ಮಾನದ ಮಾತೆತ್ತಿ ಕೈಗೆ ಕೊಡಲಿ ಕೊಟ್ಟರು ಎಂಬುದನ್ನು ವಿಚಾರಿಸುವ ವ್ಯವಧಾನ ಅಲ್ಲಿಲ್ಲ. ನಲವತ್ತು ನಿಮಿಷದ ಆಟದಲ್ಲಿಯೂ ಇಲ್ಲವಾಯಿತು.

ನಗಿಸಲೆಂದು ಇಟ್ಟ ಪಾತ್ರದಿಂದ ಏನು ಮಹಾ ಕೆಡುಕಾದೀತು ಎಂದು ಕೇಳುವವರುಂಟು. ದೂರದ ಒಂದು ದೃಷ್ಟಾಂತ ಕೊಡುತ್ತೇನೆ. ಅಮೆರಿಕದ ದೂರದರ್ಶನದಲ್ಲಿ 1989ರ ಡಿಸೆಂಬರಿನಿಂದ 'ಸಿಂಪ್ಸನ್ಸ್' ಎಂಬ ಕುಟುಂಬದ ವಿನೋದಕಥೆ ಚಲಿಸುವ ಚಿತ್ರಗಳ ರೂಪದಲ್ಲಿ ನಡೆದುಬಂದಿದೆ. ಆ ಮನೆಯ ಐವರಿಗಿಂತ ಹೊರಗಿನ ಊರೇ ಅದರ ಸೊಗಸು. ಆ ಊರಿನ ಅಂಗಡಿಯವನು ಅಪು ಎಂಬ ಭಾರತೀಯ. ಗಣಕಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು, ಒಂದೇ ಹೆರಿಗೆಯಲ್ಲಿ ಎಂಟು ಮಕ್ಕಳ ತಂದೆಯಾದವನು. ಜನ ಹಿಡಿದುಕೊಂಡದ್ದು ಮಾತ್ರ ಅವನ ಉಚ್ಚಾರವನ್ನು. ಅಲ್ಲಿ ಬೆಳೆದ ನಮ್ಮವರ ಮಕ್ಕಳನ್ನು ಶಾಲೆಯಲ್ಲಿ ಅದೇ ಹೆಸರಿನಿಂದ ಹಂಗಿಸಿದ ಕಥೆಯನ್ನು ಹರಿ ಕೊಂಡಬೋಲು 2017ರಲ್ಲಿ ಒಂದು ಸಾಕ್ಷ್ಯಚಿತ್ರದಲ್ಲಿ ಎತ್ತಿದರು. ಅಪುವಿಗೆ ಧ್ವನಿ ಕೊಡುತ್ತಿದ್ದ ನಟ ಹ್ಯಾಂಕ್ ಅಜಾರಿಯ 2020ರಲ್ಲಿ ಆ ಕೆಲಸದಿಂದ ಹಿಂದೆ ಸರಿದರು. ಆಮೇಲೆ ಅಂಗಡಿಯವನು ಹಿನ್ನೆಲೆಯಲ್ಲಿ ಮೂಕನಾಗಿ ನಿಂತದ್ದೇ ಹೆಚ್ಚು. ಅವನಿಗೆ ಇನ್ನಷ್ಟು ಮಾತು ಕೊಡಬಹುದಾಗಿತ್ತು. ಬಾಯಿ ಮುಚ್ಚಿಸುವುದು ಸುಲಭವಾಗಿ ಕಂಡಿತು. ಪರಮ್ಮನ ಮಾತು ಅಶ್ಲೀಲವೆಂದು ಹೇಳಿ ಅವಳ ಪಾತ್ರವನ್ನೇ ಕೈಬಿಡಬೇಕೆನ್ನುವ ಸಜ್ಜನರನ್ನು ಕಂಡಾಗ ನನಗೆ ಈ ಅಂಗಡಿಯವನ ನೆನಪಾಗುತ್ತದೆ.

ರಾಮದುರ್ಗದ ಬಳಿ ನನಗೆ ಪರಿಚಯದ ವೃದ್ಧರೊಬ್ಬರಿದ್ದಾರೆ. ಕಸುಬು ಮಗ್ಗದ್ದು, ಜಾತ್ರೆಯ ಕಾಲದಲ್ಲಿ ಬಹು ವರ್ಷ ಪರಮ್ಮನ ವೇಷ ಹಾಕಿದವರು. ಸಂಗ್ಯಾನ ವೇಷದವನಿಗೆ ಆಹೇರು ಬೀಳುತ್ತಿತ್ತು, ತಮಗೆ ಜನರ ಬೈಗುಳ ಬೀಳುತ್ತಿತ್ತು ಎಂದು ನಕ್ಕು ಹೇಳುತ್ತಾರೆ. 'ಸಂಗ್ಯಾಗ ಕಂಠ ಇದ್ರ ಸಾಕ್ರಿ, ಪರಮ್ಮಗ ಊರು ಗೊತ್ತಿರಬೇಕು' ಎಂಬುದು ಅವರ ಮಾತು. ಸವದತ್ತಿಯ ಕಡೆಯ ಆ ಆಟದಲ್ಲಿ ಪರಮ್ಮನಾಗಿದ್ದ ವಿದ್ಯಾರ್ಥಿಯನ್ನು ಮೊನ್ನೆ ಅವರಲ್ಲಿಗೆ ಕರೆದೊಯ್ದೆ. ಹುಡುಗ ತನ್ನ ಮಾತುಗಳನ್ನು ಒಪ್ಪಿಸಲು ಎದ್ದು ನಿಂತ. ಅವರು ಕುಳ್ಳಿರಿಸಿ, ಕೈಗೆ ತಂಬಾಕಿನ ಚೀಲ ಕೊಟ್ಟು, ಇಂದು ಜೋಳದ ಧಾರಣೆ ಏನೆಂದು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ.

'ಹಂಗಾದ್ರ ಮೊದಲ ಸಂತಿಗೆ ಹೋಗಿ ಬಾ' ಎಂದರು.